ಮೂಲೆಯಲ್ಲೊಂದು ಹೆಸರು: ಒಬ್ಬರೇ ನಡೆಸುವ ಡಿಸೈನ್ ಕಸುಬು ಗಿರಾಕಿಯನ್ನು ತಲುಪುವ ದಾರಿಗಳು

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜಿ ಕೂಡಿಟ್ಟ ಲಗ್ನಪತ್ರಿಕೆಗಳ ಕಟ್ಟೊಂದಿದೆ. ಹಳದಿ ಕಾಗದ, ಕೆಂಪು ಶಾಯಿ, ಮೂಲೆಗಳಲ್ಲಿ ಹಚ್ಚಿದ ಅರಿಸಿನ ಇನ್ನೂ ಮಾಸಿಲ್ಲ. ಹೆಚ್ಚಿನವುಗಳ ತಳದಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುವ ಅಕ್ಷರದಲ್ಲಿ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಮತ್ತು ಪೇಟೆಯ ಹೆಸರಿದೆ. ಮೊನ್ನೆ ವಾಟ್ಸಾಪ್‌ನಲ್ಲಿ ಬಂದ ಮದುವೆಯ ಕರೆಯೋಲೆ ಇವೆಲ್ಲಕ್ಕಿಂತ ಚೆಂದವಾಗಿತ್ತು. ಬಾಳೆಕಂಬದ ನಡುವೆ ಕೈಬರಹದ ಕನ್ನಡ, ಒಂದು ಒತ್ತಕ್ಷರವೂ ಒಡೆದಿಲ್ಲ. ಬಿಡಿಸಿದವರು ಯಾರೆಂದು ಮದುವೆ ಮನೆಯವರನ್ನೇ ಕೇಳಿದೆ. ‘ಯಾರೋ ಮಲ್ಲೇಶ್ವರದ ಹುಡುಗಿಯಂತೆ, ನಂಬರ್ ತಮ್ಮನ ಹತ್ತಿರ ಇರಬೇಕು’ ಎಂದರು. ಆ ಕರೆಯೋಲೆಯನ್ನು ಕಂಡ ನೂರಾರು ಮನೆಗಳಲ್ಲಿ ಎಷ್ಟು ಜನ ಆ ತಮ್ಮನ ತನಕ ಹೋಗಿಯಾರು?

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮನೆಯ ಮುಂದಿನ ರೂಮಿನಲ್ಲೋ ಮಹಡಿಯ ಮೇಲೋ ಕಂಪ್ಯೂಟರ್ ಇಟ್ಟುಕೊಂಡು ಒಬ್ಬರೇ ಡಿಸೈನ್ ಕೆಲಸ ಮಾಡುವವರು ಬಹಳ ಜನ. ಲಗ್ನಪತ್ರಿಕೆ, ರಂಗಪ್ರವೇಶದ ಆಹ್ವಾನ, ಪುಸ್ತಕದ ಮುಖಪುಟ, ಅಂಗಡಿ ಬೋರ್ಡು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಎಲ್ಲವೂ ಇವರ ಕೈಯಿಂದ ಬರುತ್ತವೆ. ಇವರಿಗೆ ಮಾರ್ಕೆಟಿಂಗ್ ವಿಭಾಗವಿಲ್ಲ, ಅದಕ್ಕೆಂದು ತೆಗೆದಿಟ್ಟ ದುಡ್ಡೂ ಇಲ್ಲ. ಕೈಯಲ್ಲಿ ಕಾಸು ಕಡಿಮೆ ಇರುವಾಗ ಗಿರಾಕಿಯನ್ನು ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಹಲವು ಪಂಥಗಳು ಹಲವು ಉತ್ತರ ಕೊಟ್ಟಿವೆ. ಒಂದೊಂದು ಉತ್ತರವೂ ಏನನ್ನು ವಿವರಿಸುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಕಷ್ಟ ಎಲ್ಲಿದೆ?

ಗಾಂಧಿ ಬಜಾರಿನಲ್ಲಿ ಸೇವಂತಿಗೆ ಕೊಳ್ಳುವವರು ಹೂವನ್ನು ನೋಡಿ, ಮೂಸಿ, ಚೌಕಾಸಿ ಮಾಡಿ ಕೊಳ್ಳುತ್ತಾರೆ. ಡಿಸೈನ್ ಹಾಗಲ್ಲ. ಅಡ್ವಾನ್ಸ್ ಕೊಡುವ ಹೊತ್ತಿಗೆ ವಸ್ತುವೇ ಹುಟ್ಟಿರುವುದಿಲ್ಲ. ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿ ಸರಕುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ಕೊಳ್ಳುವ ಮೊದಲೇ ಗುಣ ತಿಳಿಯುವಂಥವು, ಬಳಸಿದ ಮೇಲಷ್ಟೇ ತಿಳಿಯುವಂಥವು. ಡಿಸೈನ್ ಎರಡನೆಯ ಗುಂಪಿಗೆ ಸೇರುತ್ತದೆ. ಅದೇ ವರ್ಷ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆ ಕೊಟ್ಟು ಬರೆದ ಪ್ರಬಂಧ ಇನ್ನೊಂದು ಮಾತು ಹೇಳಿತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೊಡುತ್ತಾನೆ, ಒಳ್ಳೆಯ ಸರಕಿನವನು ಆ ಬೆಲೆಗೆ ಮಾರಲಾಗದೆ ಮಾರುಕಟ್ಟೆಯನ್ನೇ ಬಿಡುತ್ತಾನೆ. ‘ಅಲ್ಲಿ ಐನೂರಕ್ಕೆ ಮಾಡಿಕೊಡ್ತಾರೆ’ ಎಂಬ ಮಾತನ್ನು ಕೇಳದ ಡಿಸೈನರ್ ಈ ಬಡಾವಣೆಗಳಲ್ಲಿ ಇರಲಾರರು. ಆ ಮಾತಿನ ಹಿಂದಿರುವುದು ಹೆಚ್ಚಾಗಿ ಜಿಪುಣತನವಲ್ಲ. ಗುಣವನ್ನು ಮೊದಲೇ ಅಳೆಯುವ ದಾರಿ ಗಿರಾಕಿಗೆ ಕಾಣದಿರುವುದು. ಹಾಗಾಗಿ ಈ ಕಸುಬಿನಲ್ಲಿ ಪ್ರಚಾರ ಎಂದರೆ ಕೆಲಸವನ್ನು ಹೊಗಳಿಕೊಳ್ಳುವುದಕ್ಕಿಂತ ಮೊದಲು, ಮಾಡಿದ ಕೆಲಸ ಯಾರದ್ದೆಂದು ತಿಳಿಯುವಂತೆ ಮಾಡುವುದು.

ನಡೆದು ಬಂದ ದಾರಿ

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಜನರನ್ನು ಕೊಂದಾಗ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಂದಿಗೆ ಬೆಳೆದವು. ಪ್ರೆಸ್ಸುಗಳು ಪೇಟೆಯಲ್ಲೂ ಅದರ ಅಂಚಿನ ಚಾಮರಾಜಪೇಟೆಯಲ್ಲೂ ನೆಲೆಯಾದವು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ. 1916ರಲ್ಲಿ ಆರಂಭವಾದ ಬೆಂಗಳೂರು ಪ್ರೆಸ್ ಮೈಸೂರು ರಸ್ತೆಯಲ್ಲಿದೆ. ಅದರ ಗೋಡೆ ಕ್ಯಾಲೆಂಡರ್ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕದ ಮೊಳೆಗೆ ತೂಗುತ್ತ ಬಂದಿದೆ. ಅಚ್ಚು ಹಾಕಿದವರ ಹೆಸರನ್ನು ವರ್ಷವಿಡೀ ಕಣ್ಣೆದುರು ಇಡುವ ಪ್ರಚಾರ ಇದಕ್ಕಿಂತ ಬೇರೆ ಬೇಕಿಲ್ಲ.

ಬ್ರಿಟಿಷರ ಕಾಲದ 1867ರ ಕಾಯ್ದೆಯ ಪ್ರಕಾರ ಪ್ರತಿ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕರ ಹೆಸರು ಮತ್ತು ಸ್ಥಳ ಇರಲೇಬೇಕಿತ್ತು. ಸರಕಾರದ ಉದ್ದೇಶ ನಿಗಾ ಇಡುವುದಾಗಿತ್ತು. ಆದರೆ ಪ್ರೆಸ್ಸಿನವರಿಗೆ ಆ ಒಂದು ಸಾಲು ಪುಕ್ಕಟೆ ಜಾಹೀರಾತಾಯಿತು. ಲಗ್ನಪತ್ರಿಕೆಯ ತಳದಲ್ಲೂ ಅದೇ ರೂಢಿ ನಡೆಯಿತು. ಬೋರ್ಡ್ ಬರೆಯುವ ಕಲಾವಿದರೂ ಹಾಗೆಯೇ. ತಗಡಿನ ಬಲಮೂಲೆಯಲ್ಲಿ, ಕೊನೆಯ ಕುಂಚದೆಳೆಯಲ್ಲಿ, ‘ಆರ್ಟ್ಸ್’ ಎಂದು ಮುಗಿಯುವ ತಮ್ಮ ಹೆಸರನ್ನು ಬರೆದು ಏಣಿ ಇಳಿಯುತ್ತಿದ್ದರು. ಬೋರ್ಡು ಎಷ್ಟು ವರ್ಷ ಬಾಳಿತೋ ಅಷ್ಟು ವರ್ಷ ಆ ಸಹಿ ದುಡಿಯಿತು. ಬರೆಯುವವರೇ ಹೊತ್ತು ಮಾರಿದ ಪರಂಪರೆಯೂ ನಮ್ಮಲ್ಲಿದೆ. ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತುಕೊಂಡೇ ಊರೂರು ತಿರುಗಿ ಓದುಗರನ್ನು ಕಂಡರು.

1990ರ ದಶಕದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಡಿಟಿಪಿಗೆ ಸರಿಯಿತು. ಪೇಜ್‌ಮೇಕರ್, ಕೋರಲ್‌ಡ್ರಾ ಬಂದವು. ಶೇಷಾದ್ರಿ ವಾಸು ಅವರ ಕನ್ನಡ ತಂತ್ರಾಂಶ ‘ಬರಹ’ 1998ರಲ್ಲಿ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಪ್ರೆಸ್ಸು, ಕಂಪೋಸಿಟರ್, ಕಲಾವಿದ ಎಂದು ಹಂಚಿಹೋಗಿದ್ದ ಕೆಲಸವನ್ನು ಒಬ್ಬರೇ ಮಾಡುವುದು ಸಾಧ್ಯವಾಯಿತು. ಒಬ್ಬರೇ ನಡೆಸುವ ಡಿಸೈನ್ ಕಸುಬು ಹುಟ್ಟಿದ್ದು ಹೀಗೆ. ಮೂಲೆಯ ಸಹಿ ಅಳಿದದ್ದೂ ಇದೇ ಕಾಲದಲ್ಲಿ. ಫೈಲು ಡಿಸೈನರ್ ಕೈಯಿಂದ ಫ್ಲೆಕ್ಸ್ ಅಂಗಡಿಗೆ, ಅಲ್ಲಿಂದ ಗಿರಾಕಿಗೆ ಹೋಯಿತು. ಹೆಸರು ಉಳಿದರೆ ಫ್ಲೆಕ್ಸ್ ಅಂಗಡಿಯದು ಉಳಿಯಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟಿನ ಕಟ್ಟುನಿಟ್ಟಿನ ಆದೇಶದ ಮೇಲೆ ನಗರದ ಅನಧಿಕೃತ ಫ್ಲೆಕ್ಸುಗಳನ್ನು ಪಾಲಿಕೆ ತೆರವು ಮಾಡಿತು. ಅದೇ ವರ್ಷದ ಜನವರಿಯಲ್ಲಿ ಬಂದಿದ್ದ ವಾಟ್ಸಾಪ್ ಬಿಸಿನೆಸ್ ಆ್ಯಪ್ ಪ್ರಚಾರವನ್ನು ಬೀದಿಯಿಂದ ಅಂಗೈಗೆ ತಂದಿತು.

ಮೊದಲ ಪಂಥ: ಬಾಯಿಮಾತು

ಈ ಬಡಾವಣೆಗಳಲ್ಲಿ ಅತಿ ಹಳೆಯ, ಇಂದಿಗೂ ಅತಿ ಗಟ್ಟಿಯಾದ ಉತ್ತರ ಇದು: ಒಳ್ಳೆಯ ಕೆಲಸ ಮಾಡು, ಜನರೇ ಜನರಿಗೆ ಹೇಳುತ್ತಾರೆ. ಇಲ್ಲಿನ ಹೋಟೆಲುಗಳನ್ನೇ ನೋಡಿ. ವಿದ್ಯಾರ್ಥಿ ಭವನ 1943ರಿಂದಲೂ ಗಾಂಧಿ ಬಜಾರಿನ ಅದೇ ಜಾಗದಲ್ಲಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು ಎಂಬ ಚಿಕ್ಕ ಪಟ್ಟಿಯಲ್ಲೇ ಹೆಸರು ಮಾಡಿದೆ. ಹೀಗೆ ಬೆಳೆದವರನ್ನು ಕಂಡವರಿಗೆ ಬಾಯಿಮಾತಿನ ಮೇಲೆ ನಂಬಿಕೆ ಬರುವುದು ಸಹಜ.

ವಿದ್ವಾಂಸರ ಬೆಂಬಲವೂ ಇದಕ್ಕಿದೆ. ಎಲಿಹು ಕಾಟ್ಸ್ ಮತ್ತು ಪಾಲ್ ಲಜಾರ್ಸ್‌ಫೆಲ್ಡ್ 1955ರ ಪುಸ್ತಕದಲ್ಲಿ, ಪತ್ರಿಕೆ, ರೇಡಿಯೊ ಹೇಳಿದ್ದು ನೇರವಾಗಿ ಜನರನ್ನು ಬದಲಿಸುವುದಕ್ಕಿಂತ, ಸುತ್ತಲಿನ ನಂಬಿಕಸ್ತರ ಮೂಲಕ ಇಳಿದು ಬರುತ್ತದೆ ಎಂದು ತೋರಿಸಿದರು. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಇನ್ನೂ ಉಪಯುಕ್ತವಾದ ಮಾತು ಹೇಳಿದರು. ಕೆಲಸದ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಕಾಣುವ ಪರಿಚಯದವರಿಂದ ಹೆಚ್ಚಾಗಿ ಬರುತ್ತದೆ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದ ಪರಿಚಯದವರು ಬೇರೆ ಲೋಕದಲ್ಲಿ ಓಡಾಡುತ್ತಾರೆ.

ಇದನ್ನು ನಮ್ಮ ಮದುವೆ ಮನೆಗೆ ಹಚ್ಚಿ ನೋಡಿ. ಮದುವೆ ಗೊತ್ತಾದ ಮನೆಯವರು ಮೊದಲು ಪುರೋಹಿತರನ್ನು ಕಾಣುತ್ತಾರೆ, ಆಮೇಲೆ ಛತ್ರ, ಅಡುಗೆಯವರು, ಓಲಗ, ಫೋಟೊದವರು. ಪತ್ರಿಕೆಯ ಮಾತು ಬರುವುದು ಮುಹೂರ್ತ ಮತ್ತು ಛತ್ರ ಎರಡೂ ನಿಶ್ಚಯವಾದ ಕೂಡಲೇ. ಆ ಗಳಿಗೆಯಲ್ಲಿ ಛತ್ರದ ಮ್ಯಾನೇಜರ್ ಅಥವಾ ಅಡುಗೆ ಕಂಟ್ರಾಕ್ಟರ್ ಒಂದು ಹೆಸರು ಹೇಳಿದರೆ ಮುಗಿಯಿತು. ಡಿಸೈನರಿಗೆ ತನ್ನ ಹತ್ತು ಗೆಳೆಯರಿಗಿಂತ ಇಂಥ ಇಬ್ಬರು ಪರಿಚಯಸ್ಥರು ಹೆಚ್ಚು ನೆರವಾಗುತ್ತಾರೆ. ರಂಗಪ್ರವೇಶಕ್ಕೆ ನೃತ್ಯಗುರು, ಸಂಗೀತ ಕಚೇರಿಗೆ ಸಭೆಯ ಕಾರ್ಯದರ್ಶಿ, ಪುಸ್ತಕಕ್ಕೆ ಪ್ರಕಾಶಕರ ಕಚೇರಿಯಲ್ಲಿ ಪ್ರೂಫ್ ನೋಡುವವರು, ಇವರದ್ದೂ ಅದೇ ಜಾಗ.

ಈ ಪಂಥ ಎಡವುವ ಜಾಗವೂ ಇದೇ. ಬಾಯಿಮಾತು ಇರುವ ಬಳಗದೊಳಗೇ ಸುತ್ತುತ್ತದೆ. ಬಳಗ ಎಂದಾಗ ಜಾತಿ, ಮಠ, ಓದಿದ ಶಾಲೆ ಎಲ್ಲವೂ ಅದರಲ್ಲಿ ಬಂದುಬಿಡುತ್ತವೆ. ಹೊರಗಿನಿಂದ ಬಂದು ಬಾಡಿಗೆ ರೂಮಿನಲ್ಲಿ ಕಸುಬು ಆರಂಭಿಸಿದ ಹುಡುಗನಿಗೆ ಹೆಸರು ಹೇಳುವ ಒಬ್ಬ ಮಾವನೂ ಇಲ್ಲಿಲ್ಲ. ಇದ್ದವರಿಗೆ ಬೇರೆ ಕಷ್ಟ: ‘ನಮ್ಮವರೇ ಅಲ್ವಾ’ ಎಂದು ಬರುವ ಕೆಲಸಕ್ಕೆ ಬೆಲೆ ಹೇಳುವುದೇ ಸಂಕೋಚ.

ಎರಡನೆಯ ಪಂಥ: ಒಂದೇ ಕಸುಬು, ಒಂದೇ ಹೆಸರು

ಆಲ್ ರೀಸ್ ಮತ್ತು ಜ್ಯಾಕ್ ಟ್ರೌಟ್ 1970ರ ದಶಕದಲ್ಲಿ ಪ್ರತಿಪಾದಿಸಿ 1981ರಲ್ಲಿ ‘ಪೊಸಿಷನಿಂಗ್’ ಪುಸ್ತಕವಾಗಿ ತಂದ ವಾದ ಇದು. ಗಿರಾಕಿಯ ತಲೆಯಲ್ಲಿ ಜಾಗ ಕಡಿಮೆ, ಅಲ್ಲಿ ಒಂದೇ ವಿಷಯಕ್ಕೆ ನಿಮ್ಮ ಹೆಸರು ಕೂರಬೇಕು. ‘ಎಲ್ಲ ಥರದ ಡಿಸೈನ್ ಮಾಡಿಕೊಡಲಾಗುತ್ತದೆ’ ಎಂಬ ವಿಸಿಟಿಂಗ್ ಕಾರ್ಡನ್ನು ಯಾರೂ ನೆನಪಿಡುವುದಿಲ್ಲ. ‘ಕನ್ನಡ ಅಕ್ಷರ ಚೆನ್ನಾಗಿ ಕೂರಿಸುವವರು’ ಎಂದರೆ ನೆನಪಿಡುತ್ತಾರೆ.

ಕನ್ನಡ ಪುಸ್ತಕಲೋಕದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿಯಿದೆ. ‘ಅಪಾರ’ ಎಂಬ ಹೆಸರು ಕೇಳಿದೊಡನೆ ಓದುಗರಿಗೆ ಪುಸ್ತಕದ ಮುಖಪುಟ ನೆನಪಾಗುತ್ತದೆ. ಮುಖಪುಟದ ಕಲಾವಿದರ ಹೆಸರನ್ನು ಪುಸ್ತಕದ ಒಳಪುಟದಲ್ಲಿ ಅಚ್ಚು ಹಾಕುವ ರೂಢಿಯನ್ನು ಕನ್ನಡ ಪ್ರಕಾಶಕರು ಉಳಿಸಿಕೊಂಡು ಬಂದಿದ್ದಾರೆ. ಫ್ಲೆಕ್ಸ್ ಮತ್ತು ವಾಟ್ಸಾಪ್ ಅಳಿಸಿಹಾಕಿದ ಮೂಲೆಯ ಸಹಿ ಇಲ್ಲಿ ಬದುಕಿದೆ. ಅಲ್ಲಿ ಹೆಸರು ಕೆಲಸದ ಜೊತೆಗೇ ಊರೂರಿಗೆ ಹೋಗುತ್ತದೆ.

ಕನ್ನಡ ಅಕ್ಷರವೇ ಒಂದು ವಿಶೇಷ ಕಸುಬಾಗುವ ಸಂದರ್ಭವೂ ಈಗ ಒದಗಿದೆ. 2024ರ ಆರಂಭದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ಬಂದ ತಿದ್ದುಪಡಿ ವಾಣಿಜ್ಯ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿ ಇರಬೇಕು ಎಂದಿತು. ಎಷ್ಟೋ ಅಂಗಡಿಗಳು ಅವಸರದಲ್ಲಿ ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಗೆ ಇಳಿಸಿ, ಸಿಕ್ಕ ಫಾಂಟಿನಲ್ಲಿ ಹಿಗ್ಗಿಸಿ ತೂಗುಹಾಕಿದವು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಒಂದು ಸಂಜೆ ನಡೆದು ನೋಡಿ. ಇಂಗ್ಲಿಷ್ ಅಕ್ಷರಕ್ಕೆ ಉಸಿರಾಡಲು ಜಾಗವಿದೆ, ಕೆಳಗಿನ ಒತ್ತಕ್ಷರಕ್ಕೆ ಜಾಗ ಬಿಡದೆ ಕನ್ನಡವನ್ನು ಚೌಕಟ್ಟಿಗೆ ತುರುಕಿದ ಬೋರ್ಡುಗಳು ಒಂದಾದ ಮೇಲೊಂದು ಕಾಣುತ್ತವೆ. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಮುಂತಾದ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುವ ಈ ಕಾಲದಲ್ಲಿ, ಅಕ್ಷರದ ಮರ್ಯಾದೆ ಬಲ್ಲ ಒಬ್ಬ ಡಿಸೈನರಿಗೆ ಒಂದು ರಸ್ತೆಯೇ ಮಾರುಕಟ್ಟೆಯಾಗಬಲ್ಲದು.

ಈ ಪಂಥಕ್ಕೆ ಎದುರುವಾದ ಬೈರನ್ ಶಾರ್ಪ್ ಅವರದು. 2010ರ ಪುಸ್ತಕದಲ್ಲಿ ಅವರು, ಬ್ರ್ಯಾಂಡುಗಳು ಬೆಳೆಯುವುದು ಕೆಲವೇ ನಿಷ್ಠಾವಂತರಿಂದಲ್ಲ, ಅಪರೂಪಕ್ಕೆ ಕೊಳ್ಳುವ ಬಹಳಷ್ಟು ಜನರಿಂದ, ಆದ್ದರಿಂದ ಆದಷ್ಟು ಜನರ ನೆನಪಿನಲ್ಲಿರಿ ಎಂದರು. ಅವರ ಅಂಕಿಅಂಶಗಳು ಬಹುಪಾಲು ದೊಡ್ಡ ಕಂಪನಿಗಳ ದಿನಬಳಕೆಯ ಸರಕುಗಳವು. ಆದರೂ ಲಗ್ನಪತ್ರಿಕೆಯ ಮಟ್ಟಿಗೆ ಈ ಮಾತು ಹೊಂದುತ್ತದೆ. ಒಂದು ಮನೆಯವರು ಮತ್ತೆ ಲಗ್ನಪತ್ರಿಕೆ ಮಾಡಿಸುವುದು ಎಷ್ಟೋ ವರ್ಷಗಳ ಮೇಲೆ. ಅಂಗಡಿ, ಪ್ರಕಾಶಕರು, ಸಂಗೀತ ಸಭೆಗಳು ಮತ್ತೆ ಮತ್ತೆ ಬರುವ ಗಿರಾಕಿಗಳು, ಅವರ ವಿಷಯದಲ್ಲಿ ರೀಸ್ ಮತ್ತು ಟ್ರೌಟ್ ಹೆಚ್ಚು ಸರಿ.

ಮೂರನೆಯ ಪಂಥ: ಮಾಡುವುದನ್ನು ತೋರಿಸುತ್ತ ಹೋಗು

ಕೆವಿನ್ ಕೆಲ್ಲಿ 2008ರ ಪ್ರಬಂಧದಲ್ಲಿ, ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಕಲಾವಿದ ಬದುಕಬಹುದು ಎಂದರು. ಆಸ್ಟಿನ್ ಕ್ಲಿಯಾನ್ 2014ರ ಪುಸ್ತಕದಲ್ಲಿ, ಮುಗಿದ ಕೆಲಸದ ಜೊತೆಗೆ ಮಾಡುವ ಬಗೆಯನ್ನೂ ದಿನದಿನ ತೋರಿಸಿ ಎಂದರು. ಇನ್‌ಸ್ಟಾಗ್ರಾಮ್‌ನಲ್ಲಿ ಪೆನ್ಸಿಲ್ ಗೆರೆಯಿಂದ ‘ಶ್ರೀ’ ಹೊಮ್ಮುವ ವಿಡಿಯೊ ಹಾಕುವವರು ಈ ಪಂಥದವರು. ನೆಲ್ಸನ್ ಹೇಳಿದ ಕಷ್ಟಕ್ಕೆ ಇದು ನೇರ ಮದ್ದು: ಕೊಳ್ಳುವ ಮೊದಲೇ ಗಿರಾಕಿ ಕೈಚಳಕವನ್ನು ಕಾಣುತ್ತಾನೆ. ಬಳಗವಿಲ್ಲದ ಹೊಸಬರಿಗೆ ಬಾಗಿಲು ತೆರೆಯುವುದೂ ಈ ದಾರಿಯೇ.

ನಮ್ಮೂರಲ್ಲಿ ಇದರ ಬೀದಿಯ ರೂಪವೂ ಇದೆ. ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆ ಕಲಾವಿದ ಮತ್ತು ಕೊಳ್ಳುವವರನ್ನು ಎದುರುಬದುರು ನಿಲ್ಲಿಸುತ್ತದೆ. ಅಲ್ಲಿ ಚಿತ್ರ ಮಾರಾಟವಾಗದಿದ್ದರೂ ಕೈಗಿತ್ತ ಒಂದು ಕಾರ್ಡು ತಿಂಗಳುಗಳ ಮೇಲೆ ಫೋನಾಗಿ ತಿರುಗಿ ಬರಬಹುದು.

ಕೊರತೆ ಎಂದರೆ ಹೊತ್ತು. ಒಂದು ಲೆಕ್ಕ ಇಡೋಣ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ, ಒಟ್ಟು 200 ಗಂಟೆ. ವಾರಕ್ಕೆ 10 ಗಂಟೆ ವಿಡಿಯೊ ಮಾಡಿ ಹಾಕಲು ಹೋದರೆ ತಿಂಗಳಿಗೆ 40 ಗಂಟೆ, ಅಂದರೆ ದುಡಿಮೆಯ ಐದರಲ್ಲಿ ಒಂದು ಪಾಲು. ಗಂಟೆಗೆ 400 ರೂಪಾಯಿ ಎಂದಿಟ್ಟರೂ 16,000 ರೂಪಾಯಿ. ‘ಕಾಸಿಲ್ಲದ ಪ್ರಚಾರ’ಕ್ಕೆ ತೆತ್ತ ಬೆಲೆ ಇದು. ನೋಡಿ ಮೆಚ್ಚುವವರಲ್ಲಿ ಬಹುಪಾಲು ಇತರ ಡಿಸೈನರುಗಳೇ ಇರುತ್ತಾರೆ ಎಂಬುದೂ, ಹಾಕಿದ್ದನ್ನು ನಕಲು ಮಾಡುವವರು ಇದ್ದೇ ಇರುತ್ತಾರೆ ಎಂಬುದೂ ಈ ದಾರಿಯಲ್ಲಿ ನಡೆದವರ ಅನುಭವ.

ನಾಲ್ಕನೆಯ ಪಂಥ: ಕಾಸು ಕೊಟ್ಟು ಕೂಗು

ಜಾಹೀರಾತಿನ ಶಕ್ತಿಯನ್ನು ಕನ್ನಡನಾಡು ಚೆನ್ನಾಗಿ ಬಲ್ಲದು. ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಎಸ್.ಜಿ. ಶಾಸ್ತ್ರಿಯವರಂಥವರ ಜಾಣ್ಮೆಯಿತ್ತು. ಒಡವೆಪೆಟ್ಟಿಗೆಯಂಥ ಪೊಟ್ಟಣ, ಶರಭದ ಮುದ್ರೆ, ಟ್ರಾಮ್ ಟಿಕೆಟ್ಟಿನ ಮೇಲೂ ಜಾಹೀರಾತು. ಆದರೆ ಅದರ ಬೆನ್ನಿಗೆ ಮೈಸೂರು ಸಂಸ್ಥಾನದ ಖಜಾನೆಯಿತ್ತು.

ಒಬ್ಬರೇ ಇರುವ ಕಸುಬಿಗೆ ಸಿಗುವುದು ಬೆಳಗಿನ ಜಾವ ಪತ್ರಿಕೆಯೊಳಗೆ ಸೇರಿಸುವ ಕರಪತ್ರ, ಗೂಗಲ್ ಮತ್ತು ಇನ್‌ಸ್ಟಾಗ್ರಾಮ್‌ನ ಚಿಕ್ಕ ಜಾಹೀರಾತು, ಜಸ್ಟ್ ಡಯಲ್‌ನಂಥ ಪಟ್ಟಿಗಳು. ಕಂಬಕ್ಕೆ, ಗೋಡೆಗೆ ಪೋಸ್ಟರ್ ಅಂಟಿಸುವುದು ಅಗ್ಗವೆನಿಸಿದರೂ ಸಾರ್ವಜನಿಕ ಸ್ಥಳಗಳ ವಿರೂಪ ತಡೆಗೆ 1981ರಲ್ಲಿ ಬಂದ ಕಾಯ್ದೆಯಡಿ ಅದು ಅಪರಾಧ. ಅಂಟಿಸಿದವರನ್ನು ಪೋಸ್ಟರಿನ ಮೇಲಿರುವ ನಂಬರೇ ಹಿಡಿದುಕೊಡುತ್ತದೆ. ಕಾಸು ಕೊಟ್ಟ ಜಾಹೀರಾತಿನ ಲಾಭ ವೇಗ. ನಾಳೆಯೇ ಫೋನು ಬರಬಹುದು. ಆದರೆ ಹಾಗೆ ಬರುವ ಗಿರಾಕಿಗೆ ಹತ್ತು ಹೆಸರು ಒಟ್ಟಿಗೆ ಕಾಣುತ್ತಿರುತ್ತವೆ, ಆತ ಹೋಲಿಸುವುದು ಬೆಲೆಯನ್ನೇ. ಅಕರ್ಲಾಫ್ ಹೇಳಿದ ಕಷ್ಟ ಇಲ್ಲಿ ಎಲ್ಲಕ್ಕಿಂತ ಹೆಚ್ಚು. ದುಡ್ಡು ನಿಂತ ದಿನ ಫೋನೂ ನಿಲ್ಲುತ್ತದೆ. ಗೂಗಲ್ ನಕ್ಷೆಯಲ್ಲಿ ಉಚಿತವಾಗಿ ಹೆಸರು, ಕೆಲಸದ ಚಿತ್ರ, ಸಮಯ ನಮೂದಿಸಿ ಹಳೆಯ ಗಿರಾಕಿಗಳಿಂದ ನಾಲ್ಕು ಮಾತು ಬರೆಸಿಕೊಳ್ಳುವುದನ್ನು ಮಾತ್ರ ಯಾವ ಪಂಥದವರೂ ಬೇಡ ಎನ್ನುವುದಿಲ್ಲ.

ಐದನೆಯ ಪಂಥ: ಮೊದಲು ಕೊಡು

ಜೇ ಕಾನ್ರಾಡ್ ಲೆವಿನ್ಸನ್ 1984ರ ‘ಗೆರಿಲ್ಲಾ ಮಾರ್ಕೆಟಿಂಗ್’ನಲ್ಲಿ ಚಿಕ್ಕವರು ದುಡ್ಡಿನ ಬದಲು ಶ್ರಮ ಮತ್ತು ಕಲ್ಪನೆ ಹೂಡಬೇಕು ಎಂದರು. ಇಲ್ಲಿ ಅದು ಸೇವೆಯ ರೂಪ ತಾಳುತ್ತದೆ. ರಸ್ತೆಯ ಗಣೇಶೋತ್ಸವದ ಕರಪತ್ರ, ದೇವಸ್ಥಾನದ ಉತ್ಸವ ಪಟ್ಟಿ, ಸಂಗೀತ ಸಭೆಯ ಕಾರ್ಯಕ್ರಮ ಪುಸ್ತಿಕೆ, ಇವನ್ನು ಪುಕ್ಕಟೆ ಮಾಡಿಕೊಟ್ಟು ತಳದಲ್ಲಿ ಹೆಸರು ಹಾಕಿಸಿಕೊಳ್ಳುವುದು. ಶ್ರೀರಾಮ ಸೇವಾ ಮಂಡಳಿ 1939ರಿಂದ ಚಾಮರಾಜಪೇಟೆಯಲ್ಲಿ ನಡೆಸುತ್ತ ಬಂದಿರುವ ರಾಮನವಮಿ ಸಂಗೀತೋತ್ಸವದಂಥ ಕಡೆ ಕಾರ್ಯಕ್ರಮ ಪಟ್ಟಿಯನ್ನು ಕೇಳುಗರು ಮನೆಗೆ ಒಯ್ದು ದಿನವೂ ತೆರೆದು ನೋಡುತ್ತಾರೆ. ಹೆಸರಿಗೆ ಅಂಥ ಆಯಸ್ಸು ಬೇರೆಡೆ ಸಿಗುವುದು ಕಷ್ಟ.

ವಿರೋಧಿಗಳ ಮಾತಿನಲ್ಲೂ ತೂಕವಿದೆ. ಪುಕ್ಕಟೆ ಮಾಡಿಕೊಟ್ಟವರಿಗೆ ಮುಂದಿನ ವರ್ಷ ಬೆಲೆ ಹೇಳಲಾಗದು, ಜೊತೆಗೆ ಕಸುಬಿನ ಇತರರ ಬೆಲೆಯೂ ಕುಸಿಯುತ್ತದೆ. ನನ್ನ ಅಭಿಪ್ರಾಯ ಇಷ್ಟು: ಹೆಸರು ಹಾಕಲು ಒಪ್ಪದ ಕಡೆ ಪುಕ್ಕಟೆ ಕೆಲಸ ಮಾಡಬಾರದು. ಹೆಸರೇ ಅಲ್ಲಿ ಸಿಗುವ ಕೂಲಿ.

ಈ ಊರಿನ ಪಂಚಾಂಗ

ಹೊರಗಿನ ಪುಸ್ತಕಗಳು ಹೇಳದ ಒಂದು ಸಂಗತಿ ಇಲ್ಲಿದೆ: ಇಲ್ಲಿ ಗಿರಾಕಿ ಮಾಸ ನೋಡಿ ಬರುತ್ತಾನೆ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗಿನ ಧನುರ್ಮಾಸವೂ ಹಾಗೆಯೇ. ಶ್ರಾವಣ ಹುಟ್ಟಿದರೆ ವರಮಹಾಲಕ್ಷ್ಮಿ, ಗೌರಿ-ಗಣೇಶ, ನವರಾತ್ರಿ, ದೀಪಾವಳಿ ಎಂದು ಸಿಹಿ ಅಂಗಡಿ, ಸೀರೆ ಅಂಗಡಿಗಳ ಕೆಲಸ ಸಾಲುಗಟ್ಟುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮಾಘದಿಂದ ಮತ್ತೆ ಮದುವೆಗಳು. ಕೆಲಸವಿಲ್ಲದ ಆಷಾಢದಲ್ಲಿ ಕೈಕಟ್ಟಿ ಕೂತವರು ಶ್ರಾವಣದಲ್ಲಿ ಅವಸರಕ್ಕೆ ಸಿಕ್ಕುತ್ತಾರೆ. ಅದೇ ಆಷಾಢದಲ್ಲಿ ಹಳೆಯ ಗಿರಾಕಿಗಳನ್ನು ಕಂಡು, ಅಂಗಡಿಗಳಿಗೆ ಹಬ್ಬದ ಮಾದರಿ ತೋರಿಸಿ, ಛತ್ರಗಳಿಗೆ ಹೋಗಿ ಬಂದವರಿಗೆ ಖರ್ಚಾಗುವುದು ಬಿಡುವಿನ ಹೊತ್ತು ಮಾತ್ರ. ಮೂರನೆಯ ಪಂಥದ 40 ಗಂಟೆಗಳ ಲೆಕ್ಕ ಆ ತಿಂಗಳಲ್ಲಿ ಹಗುರವಾಗುತ್ತದೆ.

ಇನ್ನೂ ಬಗೆಹರಿಯದ್ದು

ಐದು ಪಂಥಗಳನ್ನೂ ಒಟ್ಟಿಗೆ ನೋಡಿದರೆ ಜಗಳ ಅಂದುಕೊಂಡಷ್ಟು ದೊಡ್ಡದಲ್ಲ. ಬಾಯಿಮಾತು ಹೆಸರನ್ನು ನಾಲಿಗೆಯ ಮೇಲಿಡುತ್ತದೆ, ಒಂದೇ ಕಸುಬಿನ ವಾದ ಅದನ್ನು ನೆನಪಿನಲ್ಲಿಡುತ್ತದೆ, ತೋರಿಸುವ ಪಂಥ ಕಣ್ಣಮುಂದಿಡುತ್ತದೆ. ಜಾಹೀರಾತು ಆ ಜಾಗವನ್ನು ಬಾಡಿಗೆಗೆ ತರುತ್ತದೆ, ಕೊಡುವ ಪಂಥ ಅದನ್ನು ದುಡಿದು ಪಡೆಯುತ್ತದೆ. ಕೆಲಸಕ್ಕೂ ಹೆಸರಿಗೂ ಬಿದ್ದ ಬಿರುಕನ್ನು ಮುಚ್ಚುವುದೇ ಎಲ್ಲರ ಕೆಲಸ. ಆದ್ದರಿಂದ ಕಾಸು ಕಡಿಮೆ ಇರುವವರು ಮೊದಲು ಮಾಡಬೇಕಾದದ್ದು ಮೂಲೆಯ ಸಹಿಯನ್ನು ಮರಳಿ ತರುವುದು ಎಂದು ನನಗೆ ತೋರುತ್ತದೆ. ಬೆಲೆ ಮಾತಾಡುವಾಗಲೇ ಅದನ್ನೂ ಮಾತಾಡಿಕೊಳ್ಳುವುದು, ಪಿಡಿಎಫ್ ಕರೆಯೋಲೆಯ ತಳದಲ್ಲಿ ಒಂದು ಸಾಲು, ಬೋರ್ಡಿನ ಅಂಚಿನಲ್ಲಿ ಒಂದು ಹೆಸರು.

ಇದರಿಂದಲೂ ತೀರದ ಪ್ರಶ್ನೆಗಳಿವೆ. ಮನೆಯ ಶುಭಕಾರ್ಯದ ಪತ್ರಿಕೆಯ ಮೇಲೆ ಹೊರಗಿನವರ ಹೆಸರನ್ನು ಗಿರಾಕಿ ಏಕೆ ಒಪ್ಪಬೇಕು? ಪ್ರೆಸ್ಸಿನ ಹೆಸರನ್ನು ಒಪ್ಪಿದ್ದ ಮನೆಗಳು ಡಿಸೈನರ್ ಹೆಸರಿಗೆ ಹಿಂಜರಿಯುತ್ತಿವೆಯಾದರೆ ಅದು ರೂಢಿಯ ಮಾತೋ, ಈ ಕಸುಬನ್ನು ಇನ್ನೂ ಕಸುಬೆಂದು ಎಣಿಸದಿರುವುದೋ? 2013ರಲ್ಲಿ ಬಂದ ಕ್ಯಾನ್ವಾ, ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಯಾರ ಸಹಿಯೂ ಇಲ್ಲದ ಚಿತ್ರವನ್ನು ಕ್ಷಣದಲ್ಲಿ ಕೊಡುವಾಗ, ‘ಇದನ್ನು ಬಿಡಿಸಿದವರು ಯಾರು’ ಎಂದು ಕೇಳುವವರು ಹೆಚ್ಚಾದಾರೋ ಕಡಿಮೆಯಾದಾರೋ? ಬಾಯಿಮಾತಿನ ಬಳಗದ ಹೊರಗಿರುವ, ಮನೆಯಿಂದ ಕೆಲಸ ಮಾಡುವ ಹೆಣ್ಣುಮಕ್ಕಳಿಗೂ ಹೊರಊರಿನಿಂದ ಬಂದವರಿಗೂ ಮೊದಲ ಮೂರು ಗಿರಾಕಿಗಳನ್ನು ಕೊಡುವವರು ಯಾರು? ಈ ಕೊನೆಯ ಪ್ರಶ್ನೆಗೆ ಯಾವ ಪಂಥವೂ ನೇರ ಉತ್ತರ ಕೊಟ್ಟಿಲ್ಲ.

ಮಲ್ಲೇಶ್ವರದ ಆ ಹುಡುಗಿಯ ನಂಬರನ್ನು ತಮ್ಮನಿಂದ ಕೇಳಿ ಪಡೆದಿದ್ದೇನೆ. ನಮ್ಮ ಮನೆಯ ಮುಂದಿನ ಕಾರ್ಯಕ್ಕೆ ಪತ್ರಿಕೆ ಆಕೆಯದೇ, ತಳದಲ್ಲಿ ಆಕೆಯ ಹೆಸರೂ ಇರುತ್ತದೆ.